ಜಾಡು ಬಲ್ಲವರಿಗೇ ಕಾಡಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಂಗೋಲಾ, ಮೊಜಾಂಬಿಕ್ ಯುದ್ಧಗಳಲ್ಲಿ ಸಾವಿರಾರು ಆನೆಗಳು ಸತ್ತವು ಅಂತಾರೆ. ಗುಂಡಿನ ಕಾಳಗದ ನಡುವೆ ಸಿಕ್ಕಿಕೊಂಡು ಸತ್ತವಾ?

ಉತ್ತರ: ಇಲ್ಲ, ಬೇಕಂತಲೇ ಕೊಂದರು. ಅಂಗೋಲಾದಲ್ಲಿ ಜೊನಾಸ್ ಸವಿಂಬಿಯ ಯುನಿಟಾ ಅನ್ನುವ ಬಂಡುಕೋರ ಪಡೆ ದಂತ ಮಾರಿ ಯುದ್ಧದ ಖರ್ಚಿಗೆ ಹಣ ಮಾಡಿಕೊಂಡಿತು. ಆ ದಂತ, ಖಡ್ಗಮೃಗದ ಕೊಂಬು ಗಡಿ ದಾಟಲು ಕೈಜೋಡಿಸಿದ್ದು ವರ್ಣಭೇದ ಕಾಲದ ದಕ್ಷಿಣ ಆಫ್ರಿಕಾದ ಸೇನೆ. ಇದು ಗಾಳಿಮಾತಲ್ಲ. 1996ರಲ್ಲಿ ಹೊರಬಂದ ದಕ್ಷಿಣ ಆಫ್ರಿಕಾದ ಕುಮ್ಲೆಬೆನ್ ತನಿಖಾ ಆಯೋಗದ ವರದಿ ಇದನ್ನು ಸ್ಪಷ್ಟವಾಗಿ ಹೇಳಿತು. ಸೇನೆಯ ಗುಪ್ತಚರ ವಿಭಾಗವೇ ಗುಟ್ಟಾಗಿ ಇದರಲ್ಲಿತ್ತು, ಸಾಗಾಟಕ್ಕೆ ಅಂತಲೇ ಒಂದು ಮುಖವಾಡದ ಕಂಪನಿ ಇತ್ತು. ಅದೇ ಸರ್ಕಾರ ಆಗ ತನ್ನ ಪಾರ್ಕ್‌ಗಳನ್ನು ತೋರಿಸಿ ಪ್ರಾಣಿರಕ್ಷಣೆಯಲ್ಲಿ ನಾವೇ ಮುಂದು ಅಂತ ಹೇಳಿಕೊಳ್ಳುತ್ತಿತ್ತು!

ಮೊಜಾಂಬಿಕ್‌ನ ಗೊರೊಂಗೊಸಾ ಪಾರ್ಕಿನಲ್ಲಿ ಇನ್ನೂ ಕೆಟ್ಟದ್ದಾಯಿತು. 1977ರಿಂದ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ಅಲ್ಲಿನ ದೊಡ್ಡ ಪ್ರಾಣಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಹೋದವು. ಎರಡೂ ಕಡೆಯವರು ಮಾಂಸಕ್ಕೆ, ದಂತಕ್ಕೆ ಕೊಂದರು. ದಂತ ಇರುವ ಆನೆಗಳನ್ನೇ ಆರಿಸಿ ಕೊಂದದ್ದರಿಂದ, ಹುಟ್ಟಿನಿಂದಲೇ ದಂತ ಬಾರದ ಹೆಣ್ಣಾನೆಗಳು ಜಾಸ್ತಿ ಉಳಿದು ಮರಿ ಹಾಕಿದವು. ಮೊದಲು ಶೇ. 18ರಷ್ಟಿದ್ದ ಇಂಥ ಹೆಣ್ಣಾನೆಗಳು ಯುದ್ಧದ ನಂತರ ಶೇ. 51ರ ಹತ್ತಿರ ಬಂದವು ಅಂತ 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಯುದ್ಧ ಮುಗಿದರೂ ಅದರ ಗುರುತು ಹೊಸ ಮರಿಗಳ ಮೈಮೇಲೇ ಕಾಣುತ್ತದೆ.

ಪ್ರಶ್ನೆ: ಸಾನ್ ಜನರು ಹಣಕ್ಕಾಗಿ ವರ್ಣಭೇದದ ಸೇನೆ ಸೇರಿದರು ಅಲ್ವಾ? ಅವರ ಮೇಲೆ ನಾವು ಯಾಕೆ ಮರುಕ ಪಡಬೇಕು?

ಉತ್ತರ: ಅವರ ಮುಂದೆ ಇದ್ದ ದಾರಿಗಳು ಎಷ್ಟು ಅಂತ ನೋಡಿ, ಆಮೇಲೆ ತೀರ್ಪು ಕೊಡಿ. ಸಾನ್ ಜನರು ಆಫ್ರಿಕಾದ ದಕ್ಷಿಣ ಭಾಗದ ಮೂಲನಿವಾಸಿಗಳು, ಹೊರಗಿನವರು ಅವರನ್ನು ಬುಷ್‌ಮನ್ ಅಂತ ಕರೆದರು. ಆಗ ದಕ್ಷಿಣ ಆಫ್ರಿಕಾದ ಹಿಡಿತದಲ್ಲಿದ್ದ ನಮೀಬಿಯಾದ ಪಶ್ಚಿಮ ಕಪ್ರಿವಿಯಲ್ಲಿ ಅವರು ಬೇಟೆಯಾಡುತ್ತಿದ್ದ, ಗೆಡ್ಡೆ ಕೀಳುತ್ತಿದ್ದ ನೆಲವನ್ನು 1960ರ ದಶಕದಲ್ಲಿ ಪ್ರಾಣಿಗಳ ಮೀಸಲು ಅಂತ ಘೋಷಿಸಿದರು. ಸ್ವಲ್ಪ ಕಾಲಕ್ಕೆ ಅಲ್ಲಿಗೆ ದಕ್ಷಿಣ ಆಫ್ರಿಕಾದ ಸೇನೆಯೂ ಬಂತು. ಇತ್ತ ಅಂಗೋಲಾದಿಂದ ಯುದ್ಧಕ್ಕೆ ಹೆದರಿ ಓಡಿಬಂದ ಕುಂಗ್ ಮತ್ತು ಖ್ವೆ ಅನ್ನುವ ಸಾನ್ ಪಂಗಡಗಳ ಕುಟುಂಬಗಳಿಗೆ ತಿನ್ನಲು, ತಲೆಮರೆಸಿಕೊಳ್ಳಲು ಬೇರೆ ಜಾಗವೇ ಇರಲಿಲ್ಲ. 1974ರಲ್ಲಿ ಸೇನೆ ಒಮೆಗಾ ಅನ್ನುವ ನೆಲೆಯಲ್ಲಿ ಅವರದೇ ಒಂದು ಪಡೆ ಕಟ್ಟಿತು. ಮಣ್ಣಿನ ಮೇಲಿನ ಹೆಜ್ಜೆ ನೋಡಿ ಪ್ರಾಣಿ ಯಾವಾಗ ಹೋಯಿತು, ಗಾಯವಾಗಿದೆಯಾ, ದಣಿದಿದೆಯಾ ಅಂತ ಹೇಳಬಲ್ಲ ಜನ ಅವರು. ಆ ವಿದ್ಯೆಯನ್ನು ಸೇನೆ ಮನುಷ್ಯರ ಬೆನ್ನು ಹತ್ತಲು ಬಳಸಿಕೊಂಡಿತು.

1990ರಲ್ಲಿ ನಮೀಬಿಯಾ ಸ್ವತಂತ್ರವಾಯಿತು. ಸೇನೆ ಅಲ್ಲಿಂದ ಕಾಲ್ತೆಗೆಯಿತು. ಹೊಸ ಸರ್ಕಾರ ಸೇಡು ತೀರಿಸಿಕೊಳ್ಳಬಹುದು ಅನ್ನೋ ಭಯದಲ್ಲಿ ಸೈನಿಕರು ಮತ್ತು ಅವರ ಮನೆಯವರು, ಒಟ್ಟು ಸುಮಾರು 4,000 ಮಂದಿ, ದಕ್ಷಿಣ ಆಫ್ರಿಕಾಕ್ಕೆ ಹೋದರು. ಕಿಂಬರ್ಲಿ ಹತ್ತಿರದ ಸ್ಮಿಟ್ಸ್‌ಡ್ರಿಫ್ಟ್‌ನಲ್ಲಿ ಗುಡಾರ ಕೊಟ್ಟರು. ಆ ಜಾಗವೋ, 1968ರಲ್ಲಿ ತ್ಸ್ವಾನಾ ಜನರನ್ನು ಎಬ್ಬಿಸಿ ವಶಪಡಿಸಿಕೊಂಡದ್ದು! ಹತ್ತು ವರ್ಷಕ್ಕೂ ಮೇಲೆ ಅವರು ಗುಡಾರದಲ್ಲೇ ಬದುಕಿದರು, ಆಮೇಲೆ ಪ್ಲಾಟ್‌ಫಾಂಟೈನ್‌ನಲ್ಲಿ ಮನೆಗಳು ಸಿಕ್ಕವು. ಮರುಕ ಬೇಡ ಅಂತೀರಾ, ಸರಿ. ನ್ಯಾಯವಾದರೂ ಬೇಕಲ್ಲ?

ಪ್ರಶ್ನೆ: ಪ್ರವಾಸೋದ್ಯಮ ಯುದ್ಧಕ್ಕಿಂತ ಸಾವಿರ ಪಾಲು ವಾಸಿ ತಾನೇ? ಪ್ರಾಣಿ ಉಳಿಯುತ್ತೆ, ಊರಿನವರಿಗೆ ಕೆಲಸ ಸಿಗುತ್ತೆ.

ಉತ್ತರ: ಯುದ್ಧಕ್ಕಿಂತ ವಾಸಿ, ಒಪ್ಪುತ್ತೇನೆ. ಆದರೆ ಬೋಟ್ಸ್ವಾನಾದ ಸೆಂಟ್ರಲ್ ಕಲಹರಿ ಮೀಸಲಿನಲ್ಲಿ ನಡೆದದ್ದು ಕೇಳಿ. 1961ರಲ್ಲಿ ಅದನ್ನು ಮಾಡಿದ್ದು ಪ್ರಾಣಿಗಳಿಗೂ, ಅಲ್ಲೇ ಬದುಕುತ್ತಿದ್ದ ಸಾನ್ ಜನರಿಗೂ ಸೇರಿ. 1997ರಿಂದ ಜನರನ್ನು ಹೊರಗೆ ಸಾಗಿಸತೊಡಗಿದರು. 2002ರಲ್ಲಿ ಮೀಸಲಿನೊಳಗಿನ ಮೊತೊಮೆಲೊ ಕೊಳವೆಬಾವಿಯನ್ನೇ ಮುಚ್ಚಿದರು. ಮರುಭೂಮಿಯಲ್ಲಿ ನೀರು ನಿಲ್ಲಿಸುವುದು ಅಂದರೆ ಹೋಗಿ ಅಂತ ಕತ್ತು ಹಿಡಿದು ದಬ್ಬಿದ ಹಾಗೇ. 2006ರಲ್ಲಿ ಹೈಕೋರ್ಟ್ ಜನರನ್ನು ಒಪ್ಪಿಗೆಯಿಲ್ಲದೆ ಹೊರಹಾಕಿದ್ದು ಕಾನೂನುಬಾಹಿರ ಅಂದಿತು. ಕೆಲವು ಜನ ವಾಪಸ್ ಬಂದರು, ನೀರು ಮಾತ್ರ ಬರಲಿಲ್ಲ. ಅದೇ ಸಮಯದಲ್ಲಿ ಮೀಸಲಿನೊಳಗೆ ಈಜುಕೊಳ ಇರುವ ಸಫಾರಿ ಲಾಡ್ಜ್ ತೆರೆಯಿತು. ಕುಡಿಯುವ ನೀರಿನ ಹಕ್ಕಿಗೆ 2011ರವರೆಗೆ ಮೇಲ್ಮನವಿ ಕೋರ್ಟಿನಲ್ಲಿ ಹೋರಾಡಬೇಕಾಯಿತು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

2014ರಲ್ಲಿ ಬೋಟ್ಸ್ವಾನಾ ಬೇಟೆ ನಿಷೇಧಿಸಿತು. ಊಟಕ್ಕೆ ಜಿಂಕೆ ಹೊಡೆಯುವ ಸಾನ್ ಮನುಷ್ಯ ಕಳ್ಳಬೇಟೆಗಾರನಾದ. ಬೇಲಿ ಹಾಕಿದ ಖಾಸಗಿ ಫಾರ್ಮುಗಳಲ್ಲಿ ಮಾತ್ರ ದುಡ್ಡು ಕೊಟ್ಟವರು ಹೊಡೆಯಬಹುದಿತ್ತು. 2019ರಲ್ಲಿ ನಿಷೇಧ ತೆಗೆದರು. ಅದೇ ವರ್ಷಗಳಲ್ಲಿ ಮೀಸಲಿನೊಳಗೆ ವಜ್ರದ ಗಣಿಗೂ ಜಾಗ ಸಿಕ್ಕಿತ್ತು.

ನಮೀಬಿಯಾದ ಎಟೋಷಾ ಪಾರ್ಕಿನಿಂದ ಹೈಓಮ್ ಅನ್ನುವ ಸಾನ್ ಪಂಗಡದ ಜನರನ್ನು 1954ರಲ್ಲೇ ಹೊರಹಾಕಿದ್ದರು. ಅವರ ಬೇಟೆಯ ನೀರಿನ ಹೊಂಡಗಳ ಪಕ್ಕ ಇವತ್ತು ಪ್ರವಾಸಿಗರು ಕ್ಯಾಮೆರಾ ಹಿಡಿದು ಕೂರುತ್ತಾರೆ.

ಪ್ರಶ್ನೆ: ಹಾಗಾದರೆ ಸಫಾರಿಗೆ ಹೋಗಲೇಬಾರದಾ?

ಉತ್ತರ: ಹೋಗಿ, ಆದರೆ ಜಾಗ ಯಾರದ್ದು ಅಂತ ಕೇಳಿ ಹೋಗಿ. ದಕ್ಷಿಣ ಆಫ್ರಿಕಾದ ಕ್ರೂಗರ್ ಪಾರ್ಕಿನ ಉತ್ತರದ ತುದಿಯಲ್ಲಿ ಮಕುಲೆಕೆ ಜನರ ನೆಲವಿದೆ. 1969ರಲ್ಲಿ ಅವರನ್ನು ಬಲವಂತವಾಗಿ ಎಬ್ಬಿಸಿದರು, 1998ರಲ್ಲಿ ನೆಲದ ಹಕ್ಕು ಮರಳಿ ಸಿಕ್ಕಿತು. ಅವರು ಅಲ್ಲಿ ಬೇಸಾಯಕ್ಕೆ ಇಳಿಯಲಿಲ್ಲ. ಪ್ರಾಣಿಗಳನ್ನು ಹಾಗೇ ಬಿಟ್ಟು, ಲಾಡ್ಜ್ ಕಂಪನಿಗಳ ಜೊತೆ ತಾವೇ ಒಪ್ಪಂದ ಮಾಡಿಕೊಂಡರು. ಅಂಥ ಕಡೆ ನಿಮ್ಮ ಹಣದ ಒಂದು ಪಾಲು ನೆಲದವರಿಗೆ ಹೋಗುತ್ತದೆ. ಬುಕ್ ಮಾಡುವ ಮುಂಚೆ ಲಾಡ್ಜಿನವರಿಗೆ ಬರೆದು, ನೆಲದ ಬಾಡಿಗೆ ಯಾರಿಗೆ ಹೋಗುತ್ತೆ, ಗೈಡ್ ಸ್ಥಳೀಯನಾ, ಅವನಿಗೆ ತಿಂಗಳ ಸಂಬಳ ಇದೆಯಾ ಅಥವಾ ಬರೀ ಟಿಪ್ಸಾ ಅಂತ ವಿಚಾರಿಸಿ. ಸುಮ್ನೆ ನುಣುಚಿಕೊಂಡರೆ ಬೇರೆ ಕಡೆ ನೋಡಿ. ಸಿಂಹದ ಮರಿ ಎತ್ತಿಕೊಂಡು ಫೋಟೋ ತೆಗೆಸುವ ಜಾಗಗಳಿಗೆ ಮಾತ್ರ ಕಾಲಿಡಬೇಡಿ. ದಕ್ಷಿಣ ಆಫ್ರಿಕಾದಲ್ಲಿ ಹಾಗೆ ಬೆಳೆಸಿದ ಸಿಂಹಗಳು ದೊಡ್ಡವಾದ ಮೇಲೆ ಬೇಲಿಯೊಳಗಿನ ಬೇಟೆಗೆ, ಮೂಳೆ ವ್ಯಾಪಾರಕ್ಕೆ ಹೋದದ್ದುಂಟು.