ಐದು ನಿಮಿಷದ ಬಿಡುವು, ಹುಲಿಗಿಯ ಹುಣ್ಣಿಮೆ

ಕಾರಟಗಿಯಿಂದ ಓದುಗರೊಬ್ಬರು ಬರೆದ ಪತ್ರದ ಸಾರ ಇದು: “ನಮ್ಮ ಭಜನಿ ಸಂಘದ ಗೆಳತಿಗೆ ಬಲಗಣ್ಣಿನ ಪೊರೆಯ ಆಪರೇಷನ್ ಆಗೇತಿ. ಮಗ ಬೆಂಗಳೂರಾಗ ಅದಾನ, ಮನಿಯಾಗ ಆಕಿ ಒಬ್ಬಾಕಿನ. ನಾವು ನಾಲ್ಕು ಮಂದಿ ಪಾಳಿ ಹಚ್ಚಿ ನೋಡಿಕೊಳ್ಳಾಕತ್ತೀವಿ. ಆಪರೇಷನ್ ಆಗಿ ಹನ್ನೊಂದನೇ ದಿನಕ್ಕ ಹುಣ್ಣಿಮಿ ಬರತೈತಿ. ಹುಲಿಗೆಮ್ಮಗ ದೀಡ ನಮಸ್ಕಾರ ಹಾಕತೀನಿ ಅಂತ ಹರಕಿ ಹೊತ್ತಾಳ. ಕರಕೊಂಡು ಹೋಗಬಹುದೇನು? ಗುರುವಾರದ ಭಜನಿ ಬಿಡಬೇಕೇನು? ನಾವು ಮತ್ತೇನು ಮಾಡಬೇಕು?”

ಅಕ್ಕಾವ್ರೇ, ಹುಲಿಗೆಮ್ಮನ ಗುಡಿಯಿರುವ ಹುಲಿಗಿಯ ಮಾತಿಗೆ ಆಮೇಲೆ ಬರುತ್ತೇವೆ. ಮೊದಲು ಹನಿ. ಆಪರೇಷನ್ ಮಾಡುವುದು ಡಾಕ್ಟರು. ಅದು ಕೆಡದಂತೆ ಕಾಯುವುದು ಮನೆಯಲ್ಲಿ ಹನಿ ಹಾಕುವ ಕೈ.

ಸಾಮಾನ್ಯವಾಗಿ ಬರೆದುಕೊಡುವ ಚೀಟಿಯಲ್ಲಿ ಮೊದಲ ವಾರ ದಿನಕ್ಕೆ 6 ಸಲ, ಎರಡನೇ ವಾರ 5 ಸಲ, ಹೀಗೆ ವಾರಕ್ಕೊಂದು ಇಳಿಸುತ್ತ ಆರನೇ ವಾರ ದಿನಕ್ಕೊಂದು ಎಂದಿರುತ್ತದೆ. ಒಟ್ಟು 147 ಹನಿ. ನಿಮ್ಮ ಚೀಟಿಯಲ್ಲಿ ಬೇರೆ ಲೆಕ್ಕವಿದ್ದರೆ ಅದನ್ನೇ ಹಿಡಿಯಿರಿ. ಹೀಗೆ ಇಳಿಸುವುದಕ್ಕೆ ಕಾರಣ ಹನಿಯಲ್ಲಿರುವ ಸ್ಟಿರಾಯ್ಡ್. ಕಣ್ಣು ನೆಟ್ಟಗಾಯಿತೆಂದು ಎರಡನೇ ವಾರಕ್ಕೇ ನಿಲ್ಲಿಸಿದರೆ ಅಡಗಿದ್ದ ಉರಿಯೂತ ಮರಳಿ ಏಳಬಹುದು. ಉಳಿದಿದೆಯಲ್ಲ ಎಂದು ಹೇಳಿದ್ದಕ್ಕಿಂತ ಹೆಚ್ಚು ದಿನ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಬಹುದು. 5 ಎಂಎಲ್ ಬಾಟಲಿಯಲ್ಲಿ ಬರುವುದು ನೂರರ ಸುಮಾರು ಹನಿ, ಬಾಯಿ ತೆರೆದ ಬಾಟಲಿಯನ್ನು ಒಂದು ತಿಂಗಳ ಮೇಲೆ ಬಳಸುವಂತಿಲ್ಲ. ಹಾಗಾಗಿ ಎರಡನೇ ಬಾಟಲಿ ಕೊಳ್ಳಲೇಬೇಕು. ಮೊದಲನೆಯದರ ಮೇಲೆ ತೆರೆದ ತಾರೀಕು ಬರೆದಿಡಿ.

ಪಾಳಿ ಹಚ್ಚಿದ್ದೀರಲ್ಲ, ಅದರಲ್ಲೇ ಒಂದು ತೊಡಕಿದೆ. ನಾಲ್ಕು ಮಂದಿ ನೋಡುವಲ್ಲಿ ಒಂದೇ ಹನಿ ಎರಡು ಸಲ ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲ ವಾರಕ್ಕೆ ಆಯಾ ದಿನದ ಮನೆಯೊಳಗೆ 7, 9:30, 12, 2:30, 5, 7:30 ಎಂದು ಬರೆದು, ಹಾಕಿದವರು ಆಗಿಂದಾಗ್ಗೆ ಗೀಟು ಎಳೆಯಲಿ. ಬಾಯಿಮಾತಿನ ಲೆಕ್ಕ ಬೇಡ.

ಹನಿ ಹಾಕುವ ಬಗೆ. ಸೋಪಿನಿಂದ ಕೈ ತೊಳೆಯಿರಿ. ಕೆಂಪಿಂಡಿ ಕುಟ್ಟಿದ, ಮೆಣಸಿನಕಾಯಿ ಹೆಚ್ಚಿದ ಕೈಯಾದರೆ ಆ ಪಾಳಿಯನ್ನು ಇನ್ನೊಬ್ಬರಿಗೆ ಬಿಡುವುದೇ ಒಳ್ಳೆಯದು, ಸೋಪಿಗೂ ಖಾರ ಪೂರ್ತಿ ಹೋಗುವುದಿಲ್ಲ. ಹಾಲಿನಂತೆ ಬೆಳ್ಳಗಿರುವ ಔಷಧಿಯಾದರೆ ಬಾಟಲಿ ಚೆನ್ನಾಗಿ ಕುಲುಕಿ. ಕುಲುಕದಿದ್ದರೆ ಔಷಧಿ ತಳದಲ್ಲೇ ಕುಳಿತು ಕಣ್ಣಿಗೆ ಬರೀ ನೀರು ಬೀಳುತ್ತದೆ. ಗೆಳತಿ ಅಂಗಾತ ಮಲಗಿ ಮೇಲೆ ನೋಡಲಿ. ಕೆಳರೆಪ್ಪೆಯನ್ನು ಕೆನ್ನೆಯ ಕಡೆಗೆ ಮೆಲ್ಲಗೆ ಎಳೆದರೆ ಸಣ್ಣ ಚೀಲದಂತೆ ಆಗುತ್ತದೆ. ಒಂದು ಇಂಚು ಮೇಲಿನಿಂದ ಅದರೊಳಗೆ ಒಂದೇ ಹನಿ. ಎರಡು ಹನಿಗೆ ಅಲ್ಲಿ ಜಾಗವಿಲ್ಲ, ಎರಡನೆಯದು ಕೆನ್ನೆಗೆ ಇಳಿಯುತ್ತದೆ. ಬಾಟಲಿಯ ತುದಿ ರೆಪ್ಪೆಗೂದಲಿಗೆ ತಾಗಕೂಡದು. ಆಮೇಲೆ ಕಣ್ಣು ಹಿಂಡದೆ ಸುಮ್ಮನೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಲಿ; ಗುಡ್ಡೆಯನ್ನಲ್ಲ, ಮೂಲೆಯನ್ನು. ಔಷಧಿ ಗಂಟಲಿಗೆ ಇಳಿದು ಕಹಿಯಾಗುವುದು ತಪ್ಪುತ್ತದೆ. ಬೇರೆ ಔಷಧಿಯ ಹನಿಯೂ ಇದ್ದರೆ ಅದಕ್ಕೆ ಐದು ನಿಮಿಷ ಬಿಡುವಿರಲಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಹೆಚ್ಚು ಮಂದಿ ಎಡವುವುದು ಈ ಐದು ನಿಮಿಷದಲ್ಲೇ.

ಈಗಿನ ಪೊರೆ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಹೊಲಿಗೆ ಇರುವುದಿಲ್ಲ. ಕೊಯ್ದ ಜಾಗ ಕಣ್ಣಿನ ಒಳಗಿನ ಒತ್ತಡಕ್ಕೇ ಕದದಂತೆ ಮುಚ್ಚಿಕೊಂಡಿರುತ್ತದೆ. ಉಜ್ಜಿದರೆ, ಅದುಮಿದರೆ ಆ ಕದ ಸಡಿಲಾಗಿ ಹೊರಗಿನ ನೀರು ಒಳಗೆ ಸೇರಬಹುದು. ರಾತ್ರಿ ಕಣ್ಣಿನ ಮೇಲೆ ಪ್ಲಾಸ್ಟಿಕ್ ಕವಚ ಕಟ್ಟಿಸುವುದು ಇದಕ್ಕೇ. ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಡಾಕ್ಟರು ಹೂಂ ಅನ್ನುವವರೆಗೆ ತಲೆಗೆ ನೀರಿಲ್ಲ, ಎಣ್ಣೆಯೂ ಇಲ್ಲ. ತುಂಬಿದ ಕೊಡ ಹತ್ತು ಹದಿನೈದು ಕಿಲೋ ತೂಗುತ್ತದೆ. ನೀರು ತರುವುದು ನಿಮ್ಮ ಪಾಳಿ. ಕಟ್ಟಿಗೆ ಒಲೆಯ ಮುಂದೆ ಬಗ್ಗಿ ರೊಟ್ಟಿ ಬಡಿಯುವುದೂ ನಿಮ್ಮದೇ. ಕಾರಟಗಿಯೆಂದರೆ ರೈಸ್‌ಮಿಲ್ಲುಗಳ ಊರು. ಹೊಟ್ಟಿನ ದೂಳು ಹಾರುವ ಹೊತ್ತಿನಲ್ಲಿ ಕಿಟಕಿ ಮುಚ್ಚಿ, ಹೊರಗೆ ಹೋದರೆ ಕರಿ ಕನ್ನಡಕ ಇರಲಿ. ಮಲಬದ್ಧತೆಯಾಗಿ ತಿಣುಕುವುದೂ ಕಣ್ಣಿಗೆ ಒಳ್ಳೆಯದಲ್ಲ, ಸೊಪ್ಪು, ನೀರು, ಹಣ್ಣು ಕೊಡಿ. ಶುಗರ್ ಇದ್ದರೆ ಅದರ ಗುಳಿಗೆ ತಪ್ಪಬಾರದು.

ನೋಡಲು ಬರುವವರು ಎದೆಹಾಲು, ಜೇನು, ನಂದಿಬಟ್ಟಲ ಹೂವಿನ ರಸ ಎಂದು ತಲೆಗೊಂದು ಔಷಧಿ ಹೇಳುತ್ತಾರೆ. ಬಾಗಿಲಲ್ಲೇ ಚಹಾ ಕೊಟ್ಟು ಕಳಿಸಿ.

ಇನ್ನು ಹುಲಿಗಿ. ಹನ್ನೊಂದನೇ ದಿನಕ್ಕೆ ಬೇಡ. ಹುಣ್ಣಿಮೆಯ ನೂಕುನುಗ್ಗಲಿನಲ್ಲಿ ಒಂದು ಮೊಣಕೈ ತಾಗಿದರೆ ಮುಗಿಯಿತು, ಮೇಲೆ ಗಾಳಿಯಲ್ಲೆಲ್ಲ ಭಂಡಾರದ ಅರಿಶಿನ ಪುಡಿ. ಹೊಳೆಯಲ್ಲಿ ಮುಳುಗು ಹಾಕುವುದು, ದೀಡ ನಮಸ್ಕಾರವೆಂದು ಉದ್ದಕ್ಕೆ ಮಲಗಿ ನೆಲಕ್ಕೆ ಹಣೆ ಹಚ್ಚಿ ಏಳುವುದು, ಎರಡೂ ಹಸಿ ಕಣ್ಣಿಗೆ ಆಗದ ಕೆಲಸ. ಮುಂದಿನ ಹುಣ್ಣಿಮೆ ನಲವತ್ತನೇ ದಿನದ ಸುಮಾರಿಗೆ ಬರುತ್ತದೆ. ಅಷ್ಟರಲ್ಲಿ ಡಾಕ್ಟರು ನೋಡಿ ಒಪ್ಪಿದರೆ ಹುಣ್ಣಿಮೆಯ ಮರುದಿನ, ಜನ ತೆಳುವಾದಾಗ, ದರ್ಶನವಷ್ಟೇ ಮಾಡಿಸಿಕೊಂಡು ಬನ್ನಿ. ದೀಡ ನಮಸ್ಕಾರ ಅದರ ಮುಂದಿನ ಹುಣ್ಣಿಮೆಗಿರಲಿ. ಅಲ್ಲಿಯವರೆಗೆ ಹಳದಿ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ಜಗಲಿಯ ಮೇಲಿಡಿ. ಮುಡಿಪು ಕಟ್ಟಿದ ಮೇಲೆ ಹರಕೆ ತಪ್ಪಿತೆಂಬ ಅಳುಕು ಇರುವುದಿಲ್ಲ, ಇದು ನಿಮಗೂ ಗೊತ್ತಿರುವುದೇ. ತೀರ್ಥ ಬಾಯಿಗೆ ಮಾತ್ರ, ಕಣ್ಣಿಗಲ್ಲ. ಹಣೆಗೆ ಪುಡಿ ಕುಂಕುಮ ಬೇಡ, ಬೆವರಿಗೆ ಉದುರಿ ರೆಪ್ಪೆಗೆ ಇಳಿಯುತ್ತದೆ. ಅಂಟಿಸುವ ಟಿಕಳಿ ಸಾಕು.

ಒಂದು ಕಡೆ ಮಾತ್ರ ಪಾಳಿ, ಹರಕೆ ಎಲ್ಲ ಬದಿಗಿಟ್ಟು ಓಡಬೇಕು. ನೋವು ಕಡಿಮೆಯಾಗುವ ಬದಲು ಏರಿದರೆ, ಕೆಂಪು ಹೆಚ್ಚಿದರೆ, ಪಿಸುರು ಬಂದರೆ, ನಿನ್ನೆ ಕಂಡದ್ದು ಇಂದು ಮಸುಕಾದರೆ ಕಣ್ಣಿನೊಳಗೆ ಸೋಂಕು ಸೇರಿರಬಹುದು. ಇದು ಹೆಚ್ಚಾಗಿ ಮೊದಲ ವಾರದಲ್ಲೇ ಬರುತ್ತದೆ. ಮಿಂಚು ಹೊಡೆದಂತೆ ಕಂಡು ಒಂದು ಬದಿಯಿಂದ ಪರದೆ ಇಳಿದಂತಾದರೆ ಅದು ಅಕ್ಷಿಪಟದ ತೊಂದರೆ. ಎರಡಕ್ಕೂ ಬೆಳಗಾಗಲಿ ನೋಡೋಣ ಅನ್ನುವಂತಿಲ್ಲ, ಆಪರೇಷನ್ ಮಾಡಿದ ಆಸ್ಪತ್ರೆಗೆ ಆ ಗಳಿಗೆಯಲ್ಲೇ ಹೊರಡಿ. ರಾತ್ರಿ ಬರುವ ಆಟೋದವರ ನಂಬರನ್ನು ಅದೇ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆಯಿರಿ.

ಬಿಳಿ ಸೀರೆ ನೀಲಿಯಾಗಿ ಕಾಣುತ್ತದೆ ಎಂದು ಗೆಳತಿ ಗಾಬರಿಯಾದರೆ ನೀವು ಗಾಬರಿಯಾಗಬೇಡಿ. ಒಂದೊಂದೇ ಕಣ್ಣು ಮುಚ್ಚಿ ಅದೇ ಸೀರೆ ನೋಡಲು ಹೇಳಿ. ಪೊರೆಯಿರುವ ಎಡಗಣ್ಣಿಗೆ ಅದು ಮಾಸಲು ಹಳದಿ. ಬಲಗಣ್ಣಿನಿಂದ ಹಳದಿಗಟ್ಟಿದ ಮಸೂರ ತೆಗೆದದ್ದರಿಂದ ನೀಲಿ ಈಗ ಒಳಗೆ ಬರುತ್ತಿದೆ, ಅಷ್ಟೇ.

ಭಜನೆ ಬಿಡಬೇಡಿ, ಆರು ವಾರ ಅವರ ಮನೆಯಲ್ಲೇ ನಡೆಸಿ. ಅವರು ಗೋಡೆಗೆ ಒರಗಿ ಕೂತು ಹಾಡಲಿ. ಊದುಬತ್ತಿ, ಕರ್ಪೂರ ಪಡಸಾಲೆಯ ಆಚೆಗಿರಲಿ. ಏಳೂವರೆಗೆ ಹನಿಯ ಪಾಳಿ ಇದ್ದವರು ತಾಳ ಕೆಳಗಿಟ್ಟು ಕೈ ತೊಳೆದು ಬರಲಿ. ಉಳಿದವರು ಹಾಡು ನಿಲ್ಲಿಸಬೇಕಾಗಿಲ್ಲ.