ಡಿಗ್ರಿ ಇದೆ, ಲೈಸೆನ್ಸ್ ಎಲ್ಲಿ?

ಪ್ರಶ್ನೆ: ಸರ್, ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಡಿಗ್ರಿ) ಕೊನೆಯ ವರ್ಷದಲ್ಲಿದ್ದೇನೆ. ಇಷ್ಟಿದ್ದರೆ ಫುಟ್‌ಬಾಲ್ ಕೋಚ್ ಆಗಬಹುದಾ?
– ಓದುಗ, ಮಾಲೂರು

ಉತ್ತರ: ಶಾಲೆಯಲ್ಲಿ ಪಿ.ಇ. ಮೇಷ್ಟ್ರಾಗಲು ಸರಿ, ಕ್ಲಬ್ಬಿಗೆ ಸಾಲದು ತಮ್ಮಾ. ಅಲ್ಲಿ ಮೊದಲು ಕೇಳುವುದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಲೈಸೆನ್ಸ್. ಡಿ ಲೈಸೆನ್ಸಿನಿಂದ ಶುರು ಮಾಡು. ಆಮೇಲೆ ಸಿ, ಬಿ, ಎ. ನಡುನಡುವೆ ತಂಡಕ್ಕೆ ಕಲಿಸಿದ ಅನುಭವವೂ ಬೇಕು. ಸರ್ಕಾರಿ ಕೋಚ್ ಹುದ್ದೆ ಮೇಲೆ ಕಣ್ಣಿದ್ದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ನೋಡು.

ಹಾಗಂತ ಡಿಗ್ರಿ ದಂಡ ಅಲ್ಲ. ಅನಾಟಮಿ, ಗಾಯದ ಆರೈಕೆ ಓದಿದವನು ಹುಡುಗರನ್ನು ಸುಮ್ನೆ ಓಡಿಸಿ ಮಂಡಿ ಹಾಳು ಮಾಡಲ್ಲ. ನಮ್ಮ ಕೆಜಿಎಫ್‌ನಲ್ಲಿ ಗಣಿ ಕಾಲದಿಂದಲೂ ಫುಟ್‌ಬಾಲ್ ಇದೆ. ಎಷ್ಟೋ ಜನಕ್ಕೆ ಆಟ ಗೊತ್ತು, ಕೈಲಿ ಸರ್ಟಿಫಿಕೇಟ್ ಇಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಕಾಲೇಜು ಮುಗಿಯಲಿ ಅಂತ ಕಾಯಬೇಡ. ಸಂಜೆ ಹೈಸ್ಕೂಲ್ ಹುಡುಗರಿಗೆ ಕಲಿಸು. ಡಿ ಕೋರ್ಸ್ ಯಾವಾಗ ಅಂತ ಬೆಂಗಳೂರಿನ ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲಿ ವಿಚಾರಿಸು.