ಆನೆಗೆ ಬಟ್ಟೆ ಎಲ್ಲಿಂದ ಬಂತು?

ದಾವಣಗೆರೆಯ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಜರ್ಮನಿಯ ಗೀಂಗೆನ್ ಪಟ್ಟಣವನ್ನು 'ಟೆಡ್ಡಿ ಬೇರ್ ಊರು' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮಗಳು ಆ ಕಡೆ ಕೆಲಸದಲ್ಲಿದ್ದಾಳೆ, ನಾನೂ ಹೋಗಿ ನೋಡಿ ಬಂದೆ. ಊರು ಸಣ್ಣದು, ಕಾರ್ಖಾನೆ ಜಾಸ್ತಿ. ಬಟ್ಟೆ ಗಿರಣಿಯಲ್ಲಿ 26 ವರ್ಷ ದುಡಿದವನು ನಾನು. ಗೊಂಬೆ ಸುಮ್ನೆ ಹುಟ್ಟುವುದಿಲ್ಲ. ಮೊದಲು ಬಟ್ಟೆ ಬೇಕು, ಅಲ್ವಾ? ಅದು ಎಲ್ಲಿಂದ ಬಂತು?"

ಸಂಪಾದಕರ ಉತ್ತರ:

ನೀವು ಕೇಳಿದ್ದು ಸರಿ. ಆ ಊರಿಗೆ ಒಂದು ಸಾಲು ಸಾಲದು.

ಗೀಂಗೆನ್ ಇರುವುದು ದಕ್ಷಿಣ ಜರ್ಮನಿಯಲ್ಲಿ, ಡ್ಯಾನ್ಯೂಬ್ ಸೇರುವ ಬ್ರೆಂಟ್ಸ್ ಎಂಬ ಸಣ್ಣ ನದಿಯ ದಂಡೆಯಲ್ಲಿ. ಈಗಲೂ ಜನಸಂಖ್ಯೆ 20 ಸಾವಿರದ ಆಸುಪಾಸು. ಒಂದು ಕಾಲಕ್ಕೆ ಅದಕ್ಕೆ ದೊರೆಯಿರಲಿಲ್ಲ. ನೇರವಾಗಿ ಚಕ್ರವರ್ತಿಗೆ ಮಾತ್ರ ಉತ್ತರ ಕೊಡುತ್ತಿದ್ದ ಸ್ವತಂತ್ರ ಪೇಟೆ ಅದು. 1634ರಲ್ಲಿ, ಮೂವತ್ತು ವರ್ಷಗಳ ಯುದ್ಧದ ಹೊತ್ತಿಗೆ, ಊರು ಸುಟ್ಟುಹೋಯಿತು. ಮತ್ತೆ ಕಟ್ಟಿದರು. 1800ರ ದಶಕದ ಶುರುವಿನಲ್ಲಿ ಸ್ವಾತಂತ್ರ್ಯವೂ ಹೋಗಿ ಊರು ವುರ್ಟೆಂಬರ್ಗ್ ರಾಜ್ಯಕ್ಕೆ ಸೇರಿತು. ನೀವು ನೋಡಿರಬಹುದಾದ ಎರಡು ಗೋಪುರಗಳ ಚರ್ಚು ಆ ಹಳೆಯ ಗೀಂಗೆನ್ನಿನದು.

ಈಗ ಬಟ್ಟೆಗೆ ಬರೋಣ. 1858ರಲ್ಲಿ ಹಾನ್ಸ್ ಹೇನ್ಲೆ ಎಂಬವರು ಇಲ್ಲಿ ಉಣ್ಣೆಯ ಫೆಲ್ಟ್ ತಯಾರಿಸುವ ಕಾರ್ಖಾನೆ ತೆರೆದರು. ಫೆಲ್ಟ್ ಅಂದರೆ ನೇಯದ ಬಟ್ಟೆ. ಉಣ್ಣೆಯನ್ನು ಬಿಸಿ, ತೇವದಲ್ಲಿ ಉಜ್ಜಿ ಒತ್ತಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹಾಳೆಯಾಗುತ್ತದೆ. ಗಿರಣಿಯಲ್ಲಿ ದುಡಿದ ನಿಮಗೆ ಇದರ ಲಾಭ ತಕ್ಷಣ ಹೊಳೆಯುತ್ತದೆ: ಎಲ್ಲಿ ಕತ್ತರಿಸಿದರೂ ಅಂಚು ಬಿಚ್ಚಿಕೊಳ್ಳುವುದಿಲ್ಲ. ಸಣ್ಣ ಸಣ್ಣ ಆಕಾರ ಹೊಲಿಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಅದೇ ಊರಿನಲ್ಲಿ 1847ರಲ್ಲಿ ಮಾರ್ಗರೆಟೆ ಷ್ಟೈಫ್ ಹುಟ್ಟಿದ್ದರು. ಒಂದೂವರೆ ವರ್ಷಕ್ಕೇ ಪೋಲಿಯೊ ಬಂದು ಕಾಲುಗಳು ಹೋದವು, ಬಲಗೈಯೂ ಸೋತಿತು. ಆದರೂ ಹೊಲಿಗೆ ಕಲಿತರು. ಹೊಲಿಗೆ ಯಂತ್ರದ ಚಕ್ರ ಇರುವುದು ಬಲಗಡೆ. ಅವರು ಯಂತ್ರವನ್ನೇ ಹಿಂದುಮುಂದಾಗಿ ತಿರುಗಿಸಿಟ್ಟು ಎಡಗೈಯಿಂದ ಚಕ್ರ ತಿರುಗಿಸಿದರು. ಅವರ ಬಗ್ಗೆ ಎಷ್ಟೋ ಮಾತು ಕೇಳಿದ್ದೇನೆ, ನನ್ನ ಮನಸ್ಸಿನಲ್ಲಿ ನಿಂತಿರುವುದು ಇದೊಂದೇ. 1877ರಲ್ಲಿ ಫೆಲ್ಟ್ ಉಡುಪುಗಳ ಅಂಗಡಿ ಇಟ್ಟರು. ಆಮೇಲೆ ಹೆಂಗಸರ ಪತ್ರಿಕೆಯೊಂದರಲ್ಲಿ ಬಂದ ಮಾದರಿ ನೋಡಿ, ಸೂಜಿ ಚುಚ್ಚಿಡಲು ಫೆಲ್ಟಿನ ಪುಟ್ಟ ಆನೆ ಹೊಲಿದರು. ಮಕ್ಕಳು ಅದನ್ನು ಎತ್ತಿಕೊಂಡು ಆಡತೊಡಗಿದರು. ಪತ್ರಿಕೆಯ ಒಂದು ಪುಟದಿಂದ ಇಷ್ಟೆಲ್ಲ ಶುರುವಾಯಿತು ಅನ್ನುವುದು ನಮ್ಮಂಥವರಿಗೆ ತುಂಬಾ ಖುಷಿಯ ವಿಷಯ.

ಕರಡಿ ಬಂದದ್ದು ಎಷ್ಟೋ ವರ್ಷಗಳ ನಂತರ, 1902ರಲ್ಲಿ. ಮಾರ್ಗರೆಟೆಯವರ ತಮ್ಮನ ಮಕ್ಕಳಲ್ಲಿ ಒಬ್ಬನಾದ ರಿಚರ್ಡ್ ಕೈಕಾಲು ಆಡಿಸುವ ಕರಡಿಯನ್ನು ರೂಪಿಸಿದ. ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಇಲ್ಲಿದೆ: ಆನೆ ಫೆಲ್ಟಿನದು, ಕರಡಿಯ ತುಪ್ಪಳ ಮಾತ್ರ ಮೇಕೆ ಕೂದಲಿನ ಮೊಹೇರ್ ಬಟ್ಟೆಯದು. ಆದರೆ ಅದನ್ನು ಹೊಲಿದ ಕೈಗಳು ಫೆಲ್ಟಿನಲ್ಲೇ ಪಳಗಿದ್ದವು. 1907ರ ಒಂದೇ ವರ್ಷ 9 ಲಕ್ಷ 70 ಸಾವಿರಕ್ಕೂ ಹೆಚ್ಚು ಕರಡಿಗಳು ತಯಾರಾದವು. ಕಾರ್ಖಾನೆಯಲ್ಲಿ ಸುಮಾರು 400 ಜನ. ತಮ್ಮ ಮನೆಯಲ್ಲೇ ಕೂತು ಹೊಲಿದವರು 1,800. ಕರಡಿ ಊರು ಅಂತ ಬರೆಯುವಾಗ ನಾವು ಮರೆತದ್ದು ಈ 1,800 ಜನರನ್ನು. ಅದಕ್ಕೆ ಬೇಸರವಿದೆ.

1903ರಲ್ಲಿ ಷ್ಟೈಫ್ ಕುಟುಂಬ ಕಟ್ಟಿದ ಕಾರ್ಖಾನೆಯ ಗೋಡೆಗಳು ಪೂರ್ತಿ ಗಾಜು, ಉಕ್ಕಿನ ಚೌಕಟ್ಟಿಗೆ ಎರಡು ಪದರ. ಹೊಲಿಯುವವರಿಗೆ ಬೆಳಕು ಬೇಕಲ್ಲ! ಒಳಗೆ ಕೆಲಸ ಮಾಡುವ ಹುಡುಗಿಯರು ಹೊರಗಿನವರಿಗೆ ಕಾಣುತ್ತಿದ್ದರು, ಹಾಗಾಗಿ ಊರವರು ಅದನ್ನು "ಕನ್ಯೆಯರ ಅಕ್ವೇರಿಯಂ" ಎಂದು ಕರೆದರು.

ಇನ್ನೊಂದು ಹೆಸರು ಹೇಳದಿದ್ದರೆ ಮನಸ್ಸು ಒಪ್ಪುವುದಿಲ್ಲ. ಫೆಲ್ಟ್ ಕಾರ್ಖಾನೆಯ ಹೇನ್ಲೆಯವರ ಹೆಂಡತಿ ಲೀನಾ ಹೇನ್ಲೆ 1899ರಲ್ಲಿ ಹಕ್ಕಿಗಳ ರಕ್ಷಣೆಗೆಂದು ಒಂದು ಸಂಘ ಕಟ್ಟಿದರು. ಸುಮಾರು ನಾಲ್ಕು ದಶಕ ಅದನ್ನು ನಡೆಸಿದರು. ಹಕ್ಕಿಗಳಿಗಾಗಿ ಜೌಗು ನೆಲವನ್ನೇ ಕೊಳ್ಳುವಂತೆ ಮಾಡಿದರು. ಇಂದು ಜರ್ಮನಿಯ ದೊಡ್ಡ ಪ್ರಕೃತಿ ಸಂಘಗಳಲ್ಲಿ ಒಂದಾದ ನಾಬು ಅದರದೇ ಮುಂದುವರಿಕೆ.

ನೀವು ಕಂಡ ಉಳಿದ ಕಾರ್ಖಾನೆಗಳ ಮಾತು ಬೇಗ ಹೇಳಿಬಿಡುತ್ತೇನೆ. ಲಿಂಕ್ ಸೋದರರು 1851ರಿಂದ ಚರ್ಚಿನ ಆರ್ಗನ್ ತಯಾರಿಸಿದವರು. ಸೀಗ್ಲರ್ 1891ರಲ್ಲಿ ಬೆಂಕಿ ಆರಿಸುವ ಪೈಪುಗಳಿಂದ ಶುರುಮಾಡಿ ಅಗ್ನಿಶಾಮಕ ವಾಹನದವರೆಗೆ ಬೆಳೆದ ಕಂಪನಿ. ಬಾಷ್ ಫ್ರಿಜ್ಜುಗಳೂ ಈ ಊರಿನಲ್ಲೇ ತಯಾರಾಗುತ್ತವೆ.

ಮತ್ತೆ ಮಗಳ ಮನೆಗೆ ಹೋದಾಗ ಆ ಗಾಜಿನ ಕಟ್ಟಡದ ಮುಂದೆ ಸ್ವಲ್ಪ ಹೊತ್ತು ನಿಂತು ಬನ್ನಿ. ಗಿರಣಿಯ ಬೆಳಕು, ಗಾಳಿ ಗೊತ್ತಿರುವ ನಿಮ್ಮ ಕಣ್ಣಿಗೆ ಅಲ್ಲಿ ಏನು ಕಂಡಿತು ಅಂತ ಬರೆದು ಕಳಿಸಿ. ಅದಕ್ಕೆ ಒಂದು ಪೂರ್ತಿ ಪುಟ ಕೊಡುತ್ತೇವೆ.